ಮೀನು ಕೆಳಗೆ, ಮೊಸರು ಮೇಲೆ

ಕಾರವಾನ್ ಕೊಳ್ಳಲು ಹೋಗುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಒಳಗೆ ಕಾಲಿಟ್ಟ ಕೂಡಲೇ ಸೋಫಾದ ಮೇಲೆ ಕುಳಿತುಕೊಳ್ಳಬೇಡಿ. ಕುಳಿತಿರೋ, ಸೋತಿರಿ. ಎಸಿ ತಣ್ಣಗೆ ಬೀಸುತ್ತಿರುತ್ತದೆ, ಮಾರುವವನು ಪುಟ್ಟ ಲೋಟದಲ್ಲಿ ಖಾವಾ ಎಂಬ ಅರಬ್ಬೀ ಕಾಫಿ ತಂದು ಕೈಗಿಡುತ್ತಾನೆ, ಕಿಟಕಿಯಾಚೆ ಇರುವ ಶೋರೂಮಿನ ನೀಲಿ ಗೋಡೆಯೇ ಸಮುದ್ರದ ಹಾಗೆ ಕಾಣತೊಡಗುತ್ತದೆ. ಆಮೇಲೆ ನಿಮ್ಮ ಬಾಯಿಂದ ಬರುವುದು ‘ಆಯಿತು’ ಎಂಬ ಒಂದೇ ಮಾತು. ಆದ್ದರಿಂದ ನಿಂತೇ ಇರಿ. ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ. ಎಲ್ಲ ಕಡೆ ಒಂದೇ ಸದ್ದು ಬಂದರೆ ಒಳ್ಳೆಯದು. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಪೊಳ್ಳು ಎಂದರೆ ಅಲ್ಲಿ ಯಾರೋ ಊಟದ ಹೊತ್ತಿಗೆ ಅವಸರ ಮಾಡಿದ್ದಾರೆ ಎಂದು ಅರ್ಥ. ಡ್ರಾಯರುಗಳನ್ನು ಪೂರ್ತಿ ಹೊರಗೆಳೆದು ತಿರುಗಿಸಿ ನೋಡಿ. ಮೇಲೆ ಮರ ಕಂಡರೂ ಅಡಿಯಲ್ಲಿ ಏನಿದೆ ಎಂಬುದು ಆಗ ಗೊತ್ತಾಗುತ್ತದೆ.

ನಾನು ಮಂಗಳೂರಿನ ಕಡೆಯವನು. ಕತಾರಿಗೆ ಬಂದದ್ದು ಒಂದು ಗೋದಾಮಿನಲ್ಲಿ ಪೈಪು ಎತ್ತಿಡುವ ಕೆಲಸಕ್ಕೆ. ಈಗ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪೈಪು, ನಲ್ಲಿ, ಸಿಲಿಕೋನು, ಅಕ್ರಿಲಿಕ್ ಹಾಳೆ ಮಾರುವ ನನ್ನದೇ ಅಂಗಡಿ ಇದೆ. ನಡುವೆ ಏನೇನಾಯಿತು ಎಂಬುದು ದೊಡ್ಡ ಕಥೆ. ಒಟ್ಟು ಹೇಳುವುದಾದರೆ, ಕೇಳುವುದಕ್ಕೆ ನಾನು ಯಾವತ್ತೂ ನಾಚಿಕೆಪಡಲಿಲ್ಲ. ‘ಇಲ್ಲ’ ಎಂದವರ ಹತ್ತಿರ ‘ಹಾಗಾದರೆ ಯಾರನ್ನು ಕೇಳಬೇಕು?’ ಎಂದು ಕೇಳುವವನು ನಾನು. ಇಷ್ಟೇ ನನ್ನ ವಿದ್ಯೆ.

ಅಲ್ ವುಕೈರ್‌ನಲ್ಲಿ ನಮ್ಮ ಫ್ಲಾಟಿನ ಎದುರು ಬಾಗಿಲು ಮೈಸೂರಿನ ಒಂದು ಕುಟುಂಬದ್ದು. ಗಂಡ ದೋಹಾದ ಆಫೀಸೊಂದರಲ್ಲಿ ಸಂಬಳದ ಕೆಲಸದವರು. ಮೃದು ಮಾತಿನ, ಎಲ್ಲವನ್ನೂ ಎರಡು ಸಲ ಯೋಚಿಸುವ ಮನುಷ್ಯ. ಹೆಂಡತಿ ಒಮ್ಮೆ ಯೋಚಿಸಿ ಎರಡು ಸಲ ಹೇಳುವವರು. ಅಪ್ಪಟ ಸಸ್ಯಾಹಾರಿಗಳು. ನಾವು ಮೀನಿಲ್ಲದ ಊಟವನ್ನು ಜ್ವರ ಬಂದಾಗ ಮಾತ್ರ ಮಾಡುವವರು. ಆದರೂ ಎರಡು ಬಾಗಿಲುಗಳ ನಡುವೆ ಪಾತ್ರೆಗಳ ಓಡಾಟ ನಿಂತದ್ದೇ ಇಲ್ಲ. ನಮ್ಮಿಂದ ಪತ್ರೊಡೆ ಹೋದರೆ ಆ ಪಾತ್ರೆಯಲ್ಲೇ ಗೊಜ್ಜವಲಕ್ಕಿ ಬರುತ್ತಿತ್ತು. ಅವರ ಬಿಸಿಬೇಳೆಬಾತಿನ ಪಾತ್ರೆ ನಮ್ಮ ನೀರುದೋಸೆ ಹೊತ್ತು ಹಿಂದಿರುಗುತ್ತಿತ್ತು. ಯಾರ ಮನೆಯ ಪಾತ್ರೆ ಯಾರ ಮನೆಯಲ್ಲಿದೆ ಎಂಬ ಲೆಕ್ಕವೇ ತಪ್ಪಿಹೋಗಿತ್ತು. ನಮ್ಮ ಮಕ್ಕಳು ಊರಿನ ಕಾಲೇಜಿಗೆ ಹೋದ ಮೇಲೆ ನನ್ನ ಹೆಂಡತಿಗೆ ಆ ಎದುರು ಬಾಗಿಲೇ ತವರು.

ಚಳಿಗಾಲ ಬಂತೆಂದರೆ ಇಲ್ಲಿ ಎಲ್ಲರಿಗೂ ಮರಳಿನ ಹುಚ್ಚು. ನನ್ನ ವ್ಯಾಪಾರದ ಪಾಲುದಾರರಾದ ಕತಾರಿ ಯಜಮಾನರು ಸೀಲೈನ್ ಕಡೆಯ ಸಮುದ್ರದಂಚಿನಲ್ಲಿ ಪ್ರತಿ ವರ್ಷ ಶಿಬಿರ ಹಾಕುತ್ತಾರೆ. ‘ನಮ್ಮ ಜಾಗದ ಮೂಲೆಯಲ್ಲಿ ನೀವೂ ಇರಿ’ ಎಂದರು. ಒಂದು ವರ್ಷ ಎರಡು ಮನೆಯವರೂ ಟೆಂಟು ಹಾಕಿದೆವು. ಗಾಳಿ ಬಂದು ಟೆಂಟನ್ನು ಎತ್ತಿಕೊಂಡು ಹೋಯಿತು. ಮೈಸೂರು ಸಾರ್ ಅದರ ಒಂದು ಹಗ್ಗ ಹಿಡಿದು ಸ್ವಲ್ಪ ದೂರ ಜೊತೆಗೇ ಓಡಿದರು. ಹೆಂಗಸರಿಬ್ಬರೂ ಅಂದೇ ತೀರ್ಪು ಕೊಟ್ಟರು: ಚಿಲಕ ಇರುವ ಬಚ್ಚಲು ಇದ್ದರೆ ಬರುತ್ತೇವೆ, ಇಲ್ಲದಿದ್ದರೆ ಗಂಡಸರೇ ಹೋಗಿ ಮರಳು ತಿಂದು ಬನ್ನಿ. ಹೀಗೆ ಎರಡು ಮನೆಯವರು ಸೇರಿ ಒಂದು ಕಾರವಾನ್ ಕೊಳ್ಳುವುದು ಎಂದಾಯಿತು. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಗಾಲಿಯ ಮನೆ. ಅಡುಗೆಮನೆ, ಮಂಚ, ಚಿಲಕದ ಬಚ್ಚಲು, ಒಂದು ಫ್ರಿಜ್.

ಶೋರೂಮಿನಲ್ಲಿ ನಾನು ಕುಳಿತುಕೊಳ್ಳಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಮೈಸೂರು ಸಾರ್ ಕುಳಿತರು, ಖಾವಾ ಕುಡಿದರು, ‘ಚೆನ್ನಾಗಿದ್ಯಲ್ವಾ ಸಾರ್?’ ಎಂದರು. ನಾನು ನೆಲಕ್ಕೆ ಬಗ್ಗಿ ಮಂಚದ ಅಡಿಗೆ ಟಾರ್ಚು ಹಿಡಿದಿದ್ದೆ.

“ಹಬೀಬಿ, ಹೊಸ ಗಾಡಿ. ಏನು ಹುಡುಕುತ್ತಿದ್ದೀರಿ?” ಎಂದು ಮ್ಯಾನೇಜರ್ ನಕ್ಕ.

“ಹಳೆಯ ತಪ್ಪುಗಳನ್ನು,” ಎಂದೆ.

ಸಿಕ್ಕಿದವು. ಸ್ಕ್ರೂಗಳಲ್ಲಿ ಕೆಲವು ಓರೆಯಾಗಿ ಕುಳಿತಿದ್ದವು. ಒಂದು ಡ್ರಾಯರ್ ಮುಚ್ಚಿದರೆ ಪಕ್ಕದ್ದು ತೆರೆದುಕೊಳ್ಳುತ್ತಿತ್ತು. ಹಿಂದಿನ ಕಿಟಕಿಯ ಸುತ್ತ ಸಿಲಿಕೋನು ಹಾಕಿದವನು ಮೂಲೆಗೆ ಬಂದಾಗ ಬೇರೆ ಯಾರೊಂದಿಗೋ ಮಾತಾಡುತ್ತಿದ್ದನೆಂದು ಕಾಣುತ್ತದೆ, ಅಲ್ಲಿ ಬಿಟ್ಟೇ ಹೋಗಿತ್ತು. ದಿನವಿಡೀ ಸಿಲಿಕೋನು ಮಾರುವ ನನಗೆ ಅದು ಕಾಣದೆ ಇರುತ್ತದೆಯೇ? ಇಷ್ಟನ್ನೂ ತೋರಿಸಿ ನಾನು ಬೆಲೆ ಇಳಿಸಿ ಎನ್ನಲಿಲ್ಲ. ಇಲ್ಲೇ ಬಹಳ ಜನ ತಪ್ಪು ಮಾಡುವುದು. ಬೆಲೆ ಇಳಿಸಿದ ಸಂತೋಷ ಮನೆ ತಲುಪುವವರೆಗೆ ಮಾತ್ರ. ‘ಕೆಟ್ಟರೆ ಗಾಡಿಯನ್ನು ನಾವು ಇಲ್ಲಿಗೆ ತರುವುದಿಲ್ಲ, ನಿಮ್ಮವರೇ ಗಾಡಿ ಇರುವಲ್ಲಿಗೆ ಬರಬೇಕು’ ಎಂದು ಬರೆಸಿಕೊಂಡೆ. ಮ್ಯಾನೇಜರ್ ನಗು ಕಡಿಮೆ ಮಾಡಿ ಸಹಿ ಹಾಕಿದ.

ಆದರೆ ಫ್ರಿಜ್ಜನ್ನು ಪರೀಕ್ಷಿಸಲು ಆಗಲಿಲ್ಲ. ಕಾರವಾನಿನ ಫ್ರಿಜ್ ಮನೆಯದ್ದರ ಹಾಗಲ್ಲ. ಗುರ್ ಎನ್ನುವ ಕಂಪ್ರೆಸರ್ ಇಲ್ಲ. ಹಿಂದುಗಡೆ ಒಂದು ಸಣ್ಣ ಗ್ಯಾಸಿನ ಜ್ವಾಲೆ ಉರಿಯುತ್ತದೆ, ಆ ಬಿಸಿಯಿಂದಲೇ ಒಳಗೆ ತಂಪು. ಬೆಂಕಿ ಹಚ್ಚಿ ತಣ್ಣಗೆ ಮಾಡುವುದು ಎಂದರೆ ನನ್ನ ಹೆಂಡತಿ ಇವತ್ತಿಗೂ ನಂಬುವುದಿಲ್ಲ. ಅದು ತಣಿಯಲು ಬಹಳ ಹೊತ್ತು ಬೇಕು, ಶೋರೂಮಿನಲ್ಲಿ ನಿಂತು ಕಾಯುವ ಹಾಗಿಲ್ಲ. ಬಾಗಿಲು ತೆರೆದೆ, ಮುಚ್ಚಿದೆ, ರಬ್ಬರ್ ಅಂಚನ್ನು ಬೆರಳಿನಿಂದ ಒತ್ತಿದೆ, ಆಯಿತು ಎಂದೆ.

ಫ್ರಿಜ್ಜಿನ ನಿಜವಾದ ಮಾತುಕತೆ ನಡೆದದ್ದು ನಮ್ಮ ಬಿಲ್ಡಿಂಗಿನ ಕಾರಿಡಾರಿನಲ್ಲಿ, ಹೆಂಗಸರ ನಡುವೆ.

“ಅಕ್ಕಾ, ನೀವು ಪಕ್ಕದಲ್ಲೇ ಕೂತು ಮೀನು ತಿನ್ನಿ, ನಂಗೇನೂ ಬೇಜಾರಿಲ್ಲ,” ಎಂದರು ಮೈಸೂರಿನಾಕೆ. “ಆದ್ರೆ ಮೊಸರಿಗೆ ಮೀನಿನ ವಾಸ್ನೆ ಹಿಡೀತು ಅಂದ್ರೆ ನನ್ನ ಗಂಟಲಲ್ಲಿ ಇಳಿಯಲ್ಲ. ಇರೋದು ಒಂದೇ ಫ್ರಿಜ್ಜು.”

“ಅದಕ್ಕೆಂತ ಮಾರಾಯ್ತಿ!” ಎಂದಳು ನನ್ನ ಹೆಂಡತಿ. “ನಿಮಗೆ ಮೇಲೆ, ನಮಗೆ ಕೆಳಗೆ. ನಡುವೆ ಇವರು ಎಂತಾದ್ರೂ ಹಾಕಿ ಕೊಡ್ತಾರೆ. ಅಷ್ಟು ದೊಡ್ಡ ಅಂಗಡಿ ಇಟ್ಟುಕೊಂಡು ಮತ್ತೆ ಎಂತಕ್ಕೆ?”

ಮರುದಿನವೇ ಅಂಗಡಿಯಿಂದ ಪಾರದರ್ಶಕ ಅಕ್ರಿಲಿಕ್ ಹಾಳೆ ಕತ್ತರಿಸಿ ತಂದೆ. ಫ್ರಿಜ್ಜಿನ ನಡುವಿನ ತಂತಿಯ ಹಲಗೆ ತೆಗೆದು ಆ ಜಾಗದಲ್ಲಿ ಹಾಳೆಯನ್ನು ಕೂರಿಸಿ, ನಾಲ್ಕು ಅಂಚಿಗೂ ಮೆತ್ತನೆಯ ರಬ್ಬರ್ ಪಟ್ಟಿ ಹಚ್ಚಿದೆ. ಇರುವೆ ಕೂಡ ದಾಟುವ ಹಾಗಿರಲಿಲ್ಲ. ಇಡೀ ಕಾರವಾನಿನಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಬೇರೊಂದು ಇರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಮೈಸೂರಿನಾಕೆ ಬಗ್ಗಿ ನೋಡಿ, “ಫ್ಯಾಕ್ಟರೀಲೇ ಮಾಡ್ದಂಗಿದೆ ಕಣ್ರೀ,” ಎಂದರು. “ಫ್ಯಾಕ್ಟರಿಯಲ್ಲಿ ಹೀಗೆ ಮಾಡಿದ್ದರೆ ನಾನು ಇಷ್ಟು ಬೈತಿದ್ದೆನಾ?” ಎಂದೆ.

ಆ ಸೀಸನ್ನಿನ ಮೊದಲ ಗುರುವಾರ ಸಂಜೆ ಹೊರಟೆವು. ಮೇಲಂತಸ್ತಿನಲ್ಲಿ ಹಾಲು, ಮೊಸರು, ತರಕಾರಿ. ಕೆಳಗಂತಸ್ತಿನಲ್ಲಿ ಮಸಾಲೆ ಹಚ್ಚಿದ ಅಂಜಲ್ ಮತ್ತು ಬಂಗುಡೆ ಮೀನು. ಶುಕ್ರವಾರ ಮಧ್ಯಾಹ್ನ ಸಮುದ್ರ ತಿಳಿಯಾಗಿತ್ತು, ಯಜಮಾನರ ಶಿಬಿರದಿಂದ ಮಾಂಸ ಸುಡುವ ಹೊಗೆ ಬರುತ್ತಿತ್ತು, ನಮಗೂ ಹಸಿವಾಗಿತ್ತು. ನನ್ನ ಹೆಂಡತಿ ಫ್ರಿಜ್ಜಿನ ಬಾಗಿಲು ತೆರೆದಳು.

ಆ ವಾಸನೆಯನ್ನು ನಾನು ವರ್ಣಿಸುವುದಿಲ್ಲ. ಚಿಲಕದ ಬಚ್ಚಲು, ಮೆತ್ತನೆಯ ಸೋಫಾ, ಎರಡು ಕುಟುಂಬ, ಎಲ್ಲವೂ ಇರುವ ಆ ಪುಟ್ಟ ಡಬ್ಬಿಯೊಳಗೆ ಅದಕ್ಕೆ ಹೋಗಲು ಬೇರೆ ಜಾಗ ಇರಲಿಲ್ಲ. ಮೈಸೂರಿನಾಕೆ ಸೆರಗು ಮೂಗಿಗೆ ಒತ್ತಿಕೊಂಡು ಹೊರಗೆ ಓಡಿದರು. ಮರಳಿನ ಮೇಲೆ ಕುಳಿತು ವಾಂತಿ ಮಾಡಿಕೊಂಡರು. ಆಮೇಲೆ ಅವರ ಮೊಸರೂ ಹುಳಿಯಾಗಿರುವುದು ಗೊತ್ತಾಯಿತು.

“ನಿಮ್ ಮೀನಿಂದ ನಮ್ ಮೊಸರೂ ಹೋಯ್ತು,” ಎಂದರು, ಮುಖ ತೊಳೆಯುತ್ತ.

ನನ್ನ ಹೆಂಡತಿಗೆ ಆಗಲೇ ಮೀನು ಹೋದ ಸಂಕಟ. “ಮೀನಿಂದ ಎಂತಕ್ಕೆ ಹೋಗ್ತದೆ? ಮೊಸರು ಹುಳಿ ಆಗುವುದು ಮೊಸರಿನ ಬುದ್ಧಿ. ನಮ್ಮದು ಕೆಳಗೆ ಉಂಟಲ್ಲ ಬೇರೆ, ಗೋಡೆ ಹಾಕಿದ್ದಾರಲ್ಲ!”

“ಗೋಡೆ ಹಾಕಿದ್ರೂ ಹಿಂಗೆ ಅಂದ್ರೆ ಏನ್ ಹೇಳೋದು ಅಕ್ಕಾ.”

“ಎಂತ ಹೇಳುವುದು ಅಂತ ಇದ್ರೆ ಹೇಳಿ, ಒಳಗೆ ಇಟ್ಟುಕೊಳ್ಳಬೇಡಿ.”

ಅವರು ಹೇಳಲಿಲ್ಲ, ಒಳಗೇ ಇಟ್ಟುಕೊಂಡರು. ಮರುವಾರ ಅವರ ಮನೆಯಲ್ಲಿ ಯಾವುದೋ ವ್ರತ ಇತ್ತು. ಪ್ರತಿ ವರ್ಷ ನಮಗೆ ಬರುತ್ತಿದ್ದ ಸಿಹಿಪೊಂಗಲಿನ ಪಾತ್ರೆ ಬರಲಿಲ್ಲ. ನನ್ನ ಹೆಂಡತಿ ಅಡುಗೆಮನೆಯಲ್ಲಿದ್ದ ಅವರ ಪಾತ್ರೆಗಳನ್ನೆಲ್ಲ ಆರಿಸಿ, ತೊಳೆದು, ಒಂದು ಚೀಲಕ್ಕೆ ಹಾಕಿ ಬಾಗಿಲ ಬಳಿ ಇಟ್ಟಳು. ಕೊಡಲೂ ಇಲ್ಲ, ತೆಗೆದಿಡಲೂ ಇಲ್ಲ. ಆಫೀಸಿಗೆ, ಅಂಗಡಿಗೆ ಹೋಗುವಾಗ ನಾವು ಗಂಡಸರು ಮಾತ್ರ ಲಿಫ್ಟಿನಲ್ಲಿ ಸಿಗುತ್ತಿದ್ದೆವು.

“ಸಾರ್, ಈ ಸೀಸನ್ ಮುಗಿಯೋದ್ರೊಳಗೆ ಫ್ರಿಜ್ ಸರಿಹೋಗ್ಲಿಲ್ಲ ಅಂದ್ರೆ ಗಾಡೀನ ಮಾರ್ಬಿಡೋಣ,” ಎಂದರು ಮೈಸೂರು ಸಾರ್ ಒಂದು ದಿನ, ಲಿಫ್ಟಿನ ಗುಂಡಿಗಳನ್ನೇ ನೋಡುತ್ತ. “ಇವಳು ಹೇಳ್ತಿದಾಳೆ.”

ಮಾರುವುದು ನನಗೆ ಕಷ್ಟವಲ್ಲ. ಏನು ಬೇಕಾದರೂ ಮಾರಬಲ್ಲೆ. ಆದರೆ ಆ ಗಾಡಿ ಮಾರಿದರೆ ಎದುರು ಬಾಗಿಲು ಮತ್ತೆ ಮೊದಲಿನ ಹಾಗೆ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. “ಮಾರುವುದು ಬೇಡ ಮಾರಾಯ್ರೆ. ಕಂಪನಿಯವರ ಹತ್ತಿರ ನಾನು ಮಾತಾಡ್ತೇನೆ,” ಎಂದೆ.

ಈಗ ನನ್ನ ಎರಡನೆಯ ಬುದ್ಧಿಮಾತು. ದೂರು ಕೊಡುವಾಗ ಎಲ್ಲವನ್ನೂ ಒಟ್ಟಿಗೆ ಹೇಳಬೇಡಿ. ಡ್ರಾಯರು, ಕಿಟಕಿ, ಸ್ಕ್ರೂ, ಫ್ರಿಜ್ ಎಂದು ಉದ್ದಕ್ಕೆ ಬರೆದರೆ ಅವರು ಸುಲಭದ್ದನ್ನು ಆರಿಸಿಕೊಂಡು ಒಂದು ಡ್ರಾಯರ್ ಹಿಡಿ ಕಳಿಸಿ ‘ಪರಿಹರಿಸಲಾಗಿದೆ’ ಎಂದು ಫೈಲು ಮುಚ್ಚುತ್ತಾರೆ. ನಾನು ಫ್ರಿಜ್ ಬಿಟ್ಟು ಬೇರೆ ಸೊಲ್ಲೆತ್ತಲಿಲ್ಲ. ಶೋರೂಮಿನವನು ‘ಅದು ತಯಾರಕರ ಜವಾಬ್ದಾರಿ’ ಎಂದ. ತಯಾರಕರು ದೂರದ ದೇಶದಲ್ಲಿದ್ದರು. ‘ಅದು ಫ್ರಿಜ್ ಮಾಡಿದವರ ಜವಾಬ್ದಾರಿ’ ಎಂದರು. ಫ್ರಿಜ್ ಮಾಡಿದವರು ‘ಅದನ್ನು ಗಾಡಿಯಲ್ಲಿ ಕೂರಿಸಿದವರ ಜವಾಬ್ದಾರಿ’ ಎಂದರು. ಹೀಗೆ ಚೆಂಡು ಒಂದು ಸುತ್ತು ಹೊಡೆದು ಬಂತು. ಬೇರೆಯವರಾಗಿದ್ದರೆ ಖಲಾಸ್ ಎಂದು ಬಿಟ್ಟುಬಿಡುತ್ತಿದ್ದರು. ನಾನು ಮೂರು ಉತ್ತರಗಳನ್ನೂ ಒಂದೇ ಮೇಲ್‌ನಲ್ಲಿ ಅಂಟಿಸಿ, ಮೂವರಿಗೂ ಕಳಿಸಿ, ‘ನೀವು ಮೂವರೂ ಪರಸ್ಪರ ಪರಿಚಯ ಮಾಡಿಕೊಳ್ಳಿ’ ಎಂದು ಬರೆದೆ.

ಇನ್ನೊಂದು ತೊಡಕು ವಾರದ್ದು. ನಮಗೆ ಇಲ್ಲಿ ಶುಕ್ರವಾರ ಶನಿವಾರ ರಜೆ, ಗಾಡಿ ತಯಾರಕರಿಗೆ ಶನಿವಾರ ಭಾನುವಾರ. ಶುಕ್ರವಾರ ಮರಳಿನಲ್ಲಿ ಫ್ರಿಜ್ ಕೈಕೊಟ್ಟಾಗ ಅವರ ಆಫೀಸು ತೆರೆದೇ ಇರುತ್ತದೆ, ಆದರೆ ನಮ್ಮ ಶೋರೂಮಿನವನು ಫೋನೆತ್ತುವುದಿಲ್ಲ. ಭಾನುವಾರ ಇವನು ಎತ್ತಿದರೆ ಅವರು ಎತ್ತುವುದಿಲ್ಲ. ಇದನ್ನು ಕಂಡುಕೊಂಡ ಮೇಲೆ ಸೋಮವಾರ ಮಧ್ಯಾಹ್ನವೇ ಫೋನು ಮಾಡುವುದನ್ನು ರೂಢಿಸಿಕೊಂಡೆ. ಆ ಹೊತ್ತಿಗೆ ಅಲ್ಲಿ ಬೆಳಿಗ್ಗೆ. ಎದುರಿನವರು ಇನ್ನೂ ಯಾರಿಂದಲೂ ಬೈಸಿಕೊಂಡಿರುವುದಿಲ್ಲ.

ಅಲ್ಲಿ ಫೋನೆತ್ತುತ್ತಿದ್ದ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಪ್ರತಿ ಸಲವೂ ಒಂದೇ ರಾಗದಲ್ಲಿ ಶುರುಮಾಡುತ್ತಿದ್ದಳು: “ನಿಮಗಾದ ಅನನುಕೂಲಕ್ಕೆ ನಾವು ವಿಷಾದಿಸುತ್ತೇವೆ ಸರ್.”

“ಅದು ಇರಲಿ ಅಮ್ಮಾ. ನೀನು ತಿಂಡಿ ತಿಂದೆಯಾ?” ಎಂದು ನಾನು ಕೇಳುತ್ತಿದ್ದೆ. ಮೊದಲ ಸಲ ಅವಳು ಅದೇ ವಿಷಾದವನ್ನು ಇನ್ನೊಮ್ಮೆ ಓದಿದಳು. ಅವಳ ಮುಂದಿದ್ದ ಕಾಗದದಲ್ಲಿ ಆ ಪ್ರಶ್ನೆಗೆ ಉತ್ತರ ಇರಲಿಲ್ಲವೆಂದು ಕಾಣುತ್ತದೆ. ಆಮೇಲಾಮೇಲೆ ಹೇಳತೊಡಗಿದಳು. ಮನುಷ್ಯರು ಫೋನಿನಲ್ಲಿದ್ದರೂ ಮನುಷ್ಯರೇ. ಅವಳೇ ನನ್ನ ಫೈಲನ್ನು ಬೇರೆಯವರಿಗೆ ಹೋಗದಂತೆ ತನ್ನ ಹತ್ತಿರ ಇಟ್ಟುಕೊಂಡಳು.

“ಸರ್, ಗಾಡಿ ಸಮತಟ್ಟಾಗಿ ನಿಂತಿತ್ತೇ? ಈ ಫ್ರಿಜ್‌ಗಳು ಓರೆಯಾದರೆ ತಣಿಯುವುದಿಲ್ಲ.”

“ಮಟ್ಟಗೋಲು ಇಟ್ಟು ನೋಡಿದ್ದೇನೆ. ಫೋಟೊ ಕಳಿಸಿದ್ದೇನೆ.”

“ಫ್ರಿಜ್‌ನ ಒಳಗೆ ಗಾಳಿ ಓಡಾಡಲು ಅಡ್ಡಿ ಏನಾದರೂ ಇದೆಯೇ?”

“ಏನೂ ಇಲ್ಲ. ನಾವು ತುಂಬ ಸಾಮಾನು ತುಂಬುವವರಲ್ಲ.”

ಅವಳು ಅದನ್ನು ಬರೆದುಕೊಂಡಳು. ಶೋರೂಮಿನಿಂದ ತಂತ್ರಜ್ಞನನ್ನು ಕಳಿಸುವ ಆದೇಶ ಬಂತು. ಅವನು ಅಲ್ ವುಕೈರ್‌ಗೆ ನಮ್ಮ ಪಾರ್ಕಿಂಗಿಗೇ ಬಂದ, ಬರೆಸಿಕೊಂಡ ಕಾಗದದ ಪುಣ್ಯ. ಗಾಡಿಯ ಹೊರಗೋಡೆಯಲ್ಲಿ ಫ್ರಿಜ್ಜಿನ ಬೆನ್ನಿಗಿರುವ ಜಾಲರಿ ಬಿಚ್ಚಿದ. ಬಿಸಿ ಗಾಳಿಯನ್ನು ಹೊರಗೆ ತಳ್ಳಲು ಅಲ್ಲೊಂದು ಪುಟ್ಟ ಫ್ಯಾನ್ ಇತ್ತು. ಅದರ ತಂತಿ ಎಲ್ಲಿಗೂ ಸೇರಿರಲಿಲ್ಲ. ಫ್ಯಾಕ್ಟರಿಯಲ್ಲಿ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಕೂಡ ಬಿಚ್ಚಿರಲಿಲ್ಲ. ಹೊಸ ಗಡಿಯಾರದ ಪಟ್ಟಿಯ ಹಾಗೆ ಮಡಚಿಕೊಂಡು ಜೋತಾಡುತ್ತಿತ್ತು. ನಾನು ವಿಡಿಯೊ ಮಾಡಿದೆ, ನಡುಗದೆ, ನಿಧಾನಕ್ಕೆ. ಮೈಸೂರು ಸಾರ್ ಪಕ್ಕದಲ್ಲಿ ನಿಂತು, “ಅಯ್ಯೋ, ಇಷ್ಟೇನಾ!” ಎಂದರು. ಫ್ಯಾನ್ ಜೋಡಿಸಿದ್ದಾಯಿತು. ಅದು ಸುಯ್ ಎಂದು ತಿರುಗಿದ ಸದ್ದು ನನ್ನ ಕಿವಿಗೆ ಗೆದ್ದ ಸದ್ದು.

ಆದರೆ ಹೆಂಗಸರಿಗೆ ಸುದ್ದಿ ಹೇಳುವ ಮೊದಲು ನಾವಿಬ್ಬರೇ ಪರೀಕ್ಷೆ ಮಾಡೋಣ ಎಂದೆ. ಮರಳಿನ ತನಕ ಯಾಕೆ, ಪಾರ್ಕಿಂಗಿನಲ್ಲೇ ಸಾಕು. ಮೇಲೆ ಒಂದು ಹಾಲಿನ ಬಾಟಲಿ, ಕೆಳಗೆ ಒಂದು ಬಂಗುಡೆ ಇಟ್ಟು ಗ್ಯಾಸ್ ಹಚ್ಚಿ ಮುಚ್ಚಿದೆವು. ಮರುದಿನ ಮಧ್ಯಾಹ್ನ ಬಂದು ತೆರೆದೆವು.

ಹಾಲು ಕಲ್ಲಾಗಿತ್ತು. ಬಾಟಲಿಯನ್ನು ತಟ್ಟಿದರೆ ಠಣ್ ಎನ್ನುತ್ತಿತ್ತು. ಬಂಗುಡೆ ಮಾತ್ರ ಮೆತ್ತಗೆ, ಕಣ್ಣು ಕೆಂಪಾಗಿ, ನಮ್ಮನ್ನು ಬೈಯುವ ಹಾಗೆ ಬಿದ್ದಿತ್ತು.

“ಮೇಲೆ ಹಿಮಾಲಯ, ಕೆಳಗೆ ಕತಾರು,” ಎಂದರು ಮೈಸೂರು ಸಾರ್. ಅವರು ತಮಾಷೆ ಮಾಡುವುದು ಅಪರೂಪ. ಮಾಡಿದ ಮೇಲೆ ಅವರೇ ದುಃಖಪಟ್ಟರು. “ಅಂದ್ರೆ ಇದು ಸರಿಹೋಗಲ್ಲ ಅಂತ ಆಯ್ತಲ್ಲ ಸಾರ್. ಇವಳಿಗೆ ಏನ್ ಹೇಳ್ಲಿ?”

ನಾನು ಅಲ್ಲೇ ನಿಂತು ಆ ಹೆಣ್ಣುಮಗಳಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಆ ದಿನ ತಿಂಡಿಯ ವಿಷಯ ಕೇಳಲಿಲ್ಲ. ಅವಳಿಗೂ ಗೊತ್ತಾಯಿತು. “ಸರ್, ಬಾಗಿಲು ತೆರೆದು ಒಳಗಿನ ಪೂರ್ತಿ ಫೋಟೊ ಒಂದು ಕಳಿಸಿ. ಇದುವರೆಗೆ ನೀವು ಕಳಿಸಿದ್ದೆಲ್ಲ ಹೊರಗಿನದ್ದು,” ಎಂದಳು. ಕಳಿಸಿದೆ.

“ಸರ್,” ಎಂದಳು. “ನಡುವೆ ಒಂದು ಗಾಜಿನ ಹಲಗೆ ಕಾಣುತ್ತಿದೆ. ನಮ್ಮ ನಕ್ಷೆಯಲ್ಲಿ ಅದು ಇಲ್ಲ. ಅದು ಏನು?”

“ಅದು ಗಾಜಲ್ಲ, ಅಕ್ರಿಲಿಕ್. ಅದು... ಗೋಡೆ.”

“ಫ್ರಿಜ್‌ನೊಳಗೆ ಗೋಡೆ ಯಾಕೆ ಸರ್?”

ಮೈಸೂರು ಸಾರ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಮೀನು, ಮೊಸರು, ಎರಡು ಮನೆ, ಒಂದು ಕಾರಿಡಾರು, ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವುದು ಎಂದರೆ ಪೈಪಿನ ಕೊಟೇಶನ್ ಬರೆದ ಹಾಗಲ್ಲ. ಹೇಗೋ ಹೇಳಿದೆ. ಅವಳು ಕೇಳಿ ನಕ್ಕುಬಿಟ್ಟಳು. ಕಂಪನಿಯ ನಗುವಲ್ಲ, ನಿಜವಾದ ನಗು. “ನಮ್ಮ ಮನೆಯಲ್ಲಿ ನಾನೂ ಅತ್ತೆಯೂ ಎರಡು ಫ್ರಿಜ್ ಇಟ್ಟುಕೊಂಡಿದ್ದೇವೆ ಸರ್,” ಎಂದಳು. ಆಮೇಲೆ ವಿವರಿಸಿದಳು. ತಂಪು ಹುಟ್ಟುವುದು ಮೇಲ್ಭಾಗದಲ್ಲಿ. ಅಲ್ಲಿಂದ ತಣ್ಣನೆಯ ಗಾಳಿ ಕೆಳಗಿಳಿಯಬೇಕು, ಕೆಳಗಿನ ಬಿಸಿ ಮೇಲೇರಬೇಕು. ಹಲಗೆ ತಂತಿಯದ್ದಾಗಿರುವುದು ಅದಕ್ಕೇ. ಇರುವೆಯೂ ದಾಟದ ಜಾಗದಲ್ಲಿ ಗಾಳಿ ದಾಟುವುದು ಹೇಗೆ?

ಮೂರನೆಯ ಬುದ್ಧಿಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಂಥ ಹೊತ್ತಿನಲ್ಲಿ ವಾದಿಸಬೇಡಿ, ನಾಚಿಕೊಂಡು ಫೋನೂ ಇಡಬೇಡಿ. ನಾನು ಕೂಡಲೇ ಕೇಳಿದೆ: “ಫ್ಯಾನಿನ ತಂತಿ ನಿಮ್ಮದು, ಗೋಡೆ ನಮ್ಮದು. ಗೋಡೆಯನ್ನು ನಾವು ತೆಗೆಯುತ್ತೇವೆ. ಗ್ಯಾರಂಟಿ ಹಾಗೇ ಇರುತ್ತದಲ್ಲ?”

ಅವಳು ಕೀಬೋರ್ಡು ಒತ್ತುವ ಸದ್ದು ಕೇಳಿಸಿತು. “ತೆಗೆಯಬಹುದಾದ ಹಲಗೆಯೊಂದನ್ನು ಗ್ರಾಹಕರು ತೆಗೆಯಲಿದ್ದಾರೆ ಎಂದು ಬರೆಯುತ್ತೇನೆ ಸರ್. ಗ್ಯಾರಂಟಿಗೆ ತೊಂದರೆ ಇಲ್ಲ. ಕಿಟಕಿಯ ವಿಷಯ ಯಾವಾಗ ಹೇಳುತ್ತೀರಿ?”

“ಕಿಟಕಿ ನಿನಗೆ ಹೇಗೆ ಗೊತ್ತು?”

“ನೀವು ಕಳಿಸಿದ ಫೋಟೊದ ಮೂಲೆಯಲ್ಲಿ ಸಿಲಿಕೋನು ಬಿಟ್ಟುಹೋಗಿರುವುದು ಕಾಣುತ್ತಿದೆ.”

ಒಳ್ಳೆಯ ಕಂಪನಿ ಎಂದು ನಾನು ಹೇಳುವುದಿಲ್ಲ. ಫ್ಯಾನಿನ ತಂತಿ ಸಿಕ್ಕಿಸದೆ ಗಾಡಿ ಕಳಿಸುವವರನ್ನು ಒಳ್ಳೆಯವರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅವಳು ಒಳ್ಳೆಯವಳು.

ಕಾರಣ ಸಿಕ್ಕಿತು. ಕಷ್ಟ ಅಲ್ಲಿಗೆ ಮುಗಿಯಲಿಲ್ಲ, ಶುರುವಾಯಿತು. ಗೋಡೆ ತೆಗೆದರೆ ಫ್ರಿಜ್ ಸರಿ. ಆದರೆ ಗೋಡೆ ಇದ್ದದ್ದರಿಂದಲೇ ಎರಡು ಮನೆಯವರು ಒಂದು ಗಾಡಿಗೆ ಒಪ್ಪಿದ್ದು.

“ಹೇಳೋದು ಯಾರು ಸಾರ್?” ಎಂದರು ಮೈಸೂರು ಸಾರ್. “ಫ್ರಿಜ್ ರಿಪೇರಿ ಆಗಿದೆ ಅಂತಷ್ಟೇ ಹೇಳಿ, ಹಾಳೇಲಿ ಸಣ್ಣ ಸಣ್ಣ ತೂತು ಹೊಡೆದ್ರೆ? ಇವಳಿಗೆ ಕಾಣ್ಸಲ್ಲ.”

“ಮೂಗಿಗೆ ಕಾಣಿಸ್ತದೆ ಮಾರಾಯ್ರೆ. ನಿಮ್ಮ ಹೆಂಡತಿಯ ಮೂಗು ನಾನು ನೋಡಿದ್ದೇನೆ. ಬನ್ನಿ, ಇದ್ದದ್ದು ಇದ್ದ ಹಾಗೆ ಹೇಳುವ.”

ಅಕ್ರಿಲಿಕ್ ಹಾಳೆಯನ್ನು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಮೇಲೆ ಹೋದೆವು. ನನ್ನ ಹೆಂಡತಿಯನ್ನೂ ಕರೆದೆ. ಬಾಗಿಲ ಬಳಿ ಇದ್ದ ಪಾತ್ರೆಯ ಚೀಲವನ್ನು ಅವಳು ಎತ್ತಿಕೊಂಡಳು. “ಹೇಗೂ ಹೋಗುವುದಲ್ಲ, ಕೊಟ್ಟು ಬರುವ,” ಎಂದಳು.

ಎದುರು ಬಾಗಿಲು ತೆರೆಯಿತು. ಮೈಸೂರಿನಾಕೆ ಮೊದಲು ಚೀಲ ನೋಡಿದರು, ಆಮೇಲೆ ನನ್ನ ಕಂಕುಳ ನೋಡಿದರು, “ಬನ್ನಿ,” ಎಂದರು. ನಾನು ಹಾಳೆಯನ್ನು ಅವರ ಊಟದ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ: ಫ್ಯಾನಿನ ತಂತಿ, ಕಲ್ಲಾದ ಹಾಲು, ಕೆಟ್ಟ ಬಂಗುಡೆ, ತಣ್ಣನೆಯ ಗಾಳಿಯ ದಾರಿ.

ನನ್ನ ಹೆಂಡತಿ ಮಧ್ಯೆ ಬಾಯಿ ಹಾಕಿದಳು. “ಅಷ್ಟೇ ಅಲ್ವಾ? ನಾವು ಮೀನು ತರುವುದಿಲ್ಲ. ಎರಡು ದಿನ ಮೀನಿಲ್ಲದಿದ್ರೆ ಎಂತ ಆಗ್ತದೆ? ಇವರು ಸ್ವಲ್ಪ ಮುಖ ಊದಿಸಿಕೊಳ್ತಾರೆ, ಅಷ್ಟೇ.”

ಅದು ಅವಳ ಬಾಯಿಂದ ಬಂದ ಮಾತು ಎಂದು ನನಗೆ ನಂಬಲು ಆಗಲಿಲ್ಲ. ಊರಿಗೆ ಹೋಗುವಾಗ ವಿಮಾನ ನಿಲ್ದಾಣದಿಂದ ಮನೆಗಿಂತ ಮೊದಲು ಮೀನಿನ ಮಾರ್ಕೆಟಿಗೆ ಹೋಗುವ ಹೆಂಗಸು.

ಮೈಸೂರಿನಾಕೆ ಅವಳನ್ನು ದಿಟ್ಟಿಸಿದರು. “ಏನ್ ಮಾತೂಂತ ಆಡ್ತೀರಾ ಅಕ್ಕಾ! ನಿಮ್ಮನ್ನ ಮೀನಿಲ್ದೆ ಸಮುದ್ರಕ್ಕೆ ಕರ್ಕೊಂಡು ಹೋದ ಪಾಪ ನಂಗ್ಯಾಕೆ?”

ಅವರು ಹಾಳೆಯ ಮೇಲೆ ಬೆರಳಾಡಿಸುತ್ತ ನನ್ನನ್ನು ಕೇಳಿದರು: “ಜಾಸ್ತಿ ತಣ್ಣಗಿರೋದು ಎಲ್ಲಿ ಅಂದ್ರಿ? ಮೇಲೆ?”

“ಮೇಲೆ.”

“ಬೇಗ ಕೆಡೋದು ಯಾವುದು? ಮೀನೋ, ಮೊಸರೋ?”

“ಮೀನು,” ಎಂದೆ, ಮೆಲ್ಲಗೆ.

“ಮತ್ತೆ ಮೀನನ್ನ ಕೆಳಗಿಟ್ಟಿದ್ದು ಯಾರ ಬುದ್ಧಿ? ಮೇಲಿಡಿ.”

ಮೈಸೂರು ಸಾರ್ ಕೆಮ್ಮಿದರು. “ಅಂದ್ರೆ... ಮೊಸರಿನ ಮೇಲೆ ಮೀನು?”

“ನೀವು ಸುಮ್ನಿರಿ.” ಅವರು ಅಡುಗೆಮನೆಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದರು. ಬಾಯಿಗೆ ರಬ್ಬರ್ ಸುತ್ತು, ನಾಲ್ಕು ಕಡೆ ಕೊಂಡಿ. ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುವಂಥದ್ದು. ಪ್ರಯಾಣದಲ್ಲಿ ಸಾಂಬಾರು ಚೆಲ್ಲದಿರಲೆಂದು ಮೈಸೂರಿನಿಂದ ತಂದದ್ದು. ಆ ಡಬ್ಬಿಯನ್ನು ಅವರು ಯಾರಿಗೂ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. “ಮೀನು ಇದರಲ್ಲಿ ಹಾಕಿ ಮುಚ್ಚಿ ಅಕ್ಕಾ. ವಾಸ್ನೆ ಆಚೆ ಬರಲ್ಲ. ಮೊಸರು ನಾನು ಕೆಳಗೆ ಇಟ್ಕೋತೀನಿ.”

ನನ್ನ ಹೆಂಡತಿ ಡಬ್ಬಿ ತೆಗೆದುಕೊಂಡಳು. “ತೊಳೆದು, ಕಾಯಿಸಿ, ವಾಪಸ್...”

“ಅಯ್ಯೋ, ವಾಪಸ್ ತರ್ಬೇಡಿ!” ಎಂದರು ಅವರು ಥಟ್ಟನೆ. “ಅದು ನಿಮ್ದೇ. ಅದ್ರಲ್ಲಿ ಮೀನು ಹಾಕಿದ್ಮೇಲೆ ನಂಗೆ ಬೇಡ್ವೇ ಬೇಡ.”

ನನ್ನ ಹೆಂಡತಿ ಮೊದಲು ನಕ್ಕಳು. ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡಳು. ಮೈಸೂರಿನಾಕೆಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಶುರುಮಾಡಿದರು. ಚೀಲದಲ್ಲಿದ್ದ ಪಾತ್ರೆಗಳನ್ನು ಒಂದೊಂದಾಗಿ ಹೊರತೆಗೆದು, “ಇದು ನಮ್ದಲ್ಲ ಅಕ್ಕಾ, ನಿಮ್ದೇ,” “ಅಲ್ಲ ಮಾರಾಯ್ತಿ, ಇದು ನಿಮ್ಮದು, ತಳ ನೋಡಿ,” ಎಂದು ವಾದ ಎದ್ದಿತು. ಕೊನೆಗೆ ಅರ್ಧ ಪಾತ್ರೆ ಅದೇ ಚೀಲದಲ್ಲಿ ನಮ್ಮ ಮನೆಗೇ ವಾಪಸು ಬಂತು. ಅವುಗಳಲ್ಲಿ ಒಂದು ಬರಿದಾಗಿರಲಿಲ್ಲ; ತಡವಾದ ಸಿಹಿಪೊಂಗಲ್ ಇತ್ತು.

ಆ ವಾರ ಮತ್ತೆ ಹೊರಟೆವು. ಶುಕ್ರವಾರ ಮಧ್ಯಾಹ್ನ ಫ್ರಿಜ್ ತೆರೆಯುವಾಗ ನಾಲ್ವರೂ ಅದರ ಮುಂದೆ ನಿಂತಿದ್ದೆವು, ದೇವರ ಕೋಣೆಯ ಬಾಗಿಲು ತೆರೆಯುವುದನ್ನು ಕಾಯುವ ಹಾಗೆ. ಮೈಸೂರಿನಾಕೆಯೇ ತೆರೆದರು. ಮೂಗು ಮುಂದೆ ಚಾಚಿ ಒಮ್ಮೆ ಉಸಿರೆಳೆದರು. ಕೆಳಗಿನಿಂದ ಮೊಸರಿನ ಪಾತ್ರೆ ತೆಗೆದು, ಚಮಚದ ತುದಿಯಲ್ಲಿ ಬಾಯಿಗಿಟ್ಟುಕೊಂಡರು. ನಾವೆಲ್ಲ ಅವರ ಗಂಟಲನ್ನೇ ನೋಡುತ್ತಿದ್ದೆವು. ಇಳಿಯಿತು.

ಆಮೇಲೆ ಅವರು ಕೈ ಮೇಲೆತ್ತಿ, ಡಬ್ಬಿಯನ್ನು ಎರಡೇ ಬೆರಳಿನಿಂದ ಹಿಡಿದು, ಮುಖವನ್ನು ಆ ಕಡೆ ತಿರುಗಿಸಿಕೊಂಡು ನನ್ನ ಹೆಂಡತಿಗೆ ದಾಟಿಸಿದರು. “ತಗೊಳ್ಳಿ ಅಕ್ಕಾ ನಿಮ್ಮ ಮೀನ್ ಯಜಮಾನ್ರನ್ನ. ಮಾಳಿಗೆ ಮನೇಲಿ ಚೆನ್ನಾಗಿ ನಿದ್ದೆ ಮಾಡಿದಾರೆ.”

“ಯಲ್ಲಾ, ಬೇಗ ಕಾವಲಿ ಇಡಿ,” ಎಂದು ನನ್ನ ಹೆಂಡತಿ ನನಗೆ ಹೇಳಿದಳು.

ಹೊರಗೆ ಕಾವಲಿ ಕಾಯುತ್ತಿರುವಾಗ ಮೈಸೂರು ಸಾರ್ ನನ್ನ ಪಕ್ಕ ಬಂದು ಕುಳಿತು, ಮುಂದಿನ ಸೀಸನ್ನಿಗೆ ಒಂದು ಬಿಸಿಲ ಚಪ್ಪರ ಕೊಳ್ಳೋಣವೇ ಎಂದು ಕೇಳಿದರು. ಕೊಳ್ಳೋಣ, ಆದರೆ ಶೋರೂಮಿನಲ್ಲಿ ಕುಳಿತುಕೊಳ್ಳಬಾರದು ಎಂದೆ.

ನನ್ನ ಅಕ್ರಿಲಿಕ್ ಹಾಳೆ ವ್ಯರ್ಥವಾಗಲಿಲ್ಲ. ಹಿಂದಿನ ಕಿಟಕಿಯ ಸೋರುವ ಮೂಲೆಗೆ ಸದ್ಯಕ್ಕೆ ಅದನ್ನೇ ಅಂಟಿಸಿದ್ದೇನೆ. ಕಂಪನ ಇಲ್ಲ, ಸೋರಿಕೆ ಇಲ್ಲ. ಫೋಟೊ ತೆಗೆದು ಆ ಹೆಣ್ಣುಮಗಳಿಗೂ ಕಳಿಸಿದೆ. ‘ಕಿಟಕಿಯ ದೂರು ಇನ್ನೂ ತೆರೆದೇ ಇದೆ ಸರ್, ಹಾಳೆ ತೆಗೆಯಬೇಡಿ. ನಿಮ್ಮ ಕೆಲಸ ನಮ್ಮದಕ್ಕಿಂತ ಚೆನ್ನಾಗಿದೆ’ ಎಂದು ಉತ್ತರ ಬರೆದಿದ್ದಾಳೆ. ಅದನ್ನು ನಾನು ಅಳಿಸದೆ ಇಟ್ಟುಕೊಂಡಿದ್ದೇನೆ. ಕಿಟಕಿಯ ಮಾತುಕತೆಯಲ್ಲಿ ಉಪಯೋಗಕ್ಕೆ ಬರುತ್ತದೆ.